ನಾಲ್ಕು ಚೀಲದ ಮರ್ಯಾದೆ

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಪುಷ್ಪಲತಾಳ ಫೋನಿಗೆ ಒಂದು ಈಮೇಲ್ ಬಂತು. ಆಗ ಅವಳು ರಾಣೆಬೆನ್ನೂರಿನ ಯೂಸುಫಸಾಬರ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿಯಲ್ಲಿ, ಯಾರದೋ ಮದುವೆಯ ರವಿಕೆಯ ತೋಳಿಗೆ ನವಿಲು ಹಾಕುತ್ತಿದ್ದಳು. ಕತ್ತು ಮುಗಿದಿತ್ತು. ಗರಿ ಬಾಕಿಯಿತ್ತು.

‘ಅಭಿನಂದನೆ. ಹಾವೇರಿ ಗೇಮ್ ಜಾಮ್‌ಗೆ ನೀವು “ಕಿಡಿ” ಟೀಮಿನ ಕಲಾವಿದೆಯಾಗಿ ಸೇರಿದ್ದೀರಿ. ನಿಮ್ಮ ಹಿಂದಿನ ಟೀಮ್ “ಒಂಬತ್ತು ಸೂಜಿ”, ಅದರ ಮುಖ್ಯಸ್ಥ ವೀರೇಂದ್ರ ಅವರ ಕೋರಿಕೆಯಂತೆ ರದ್ದಾಗಿದೆ. ಬದಲಾವಣೆ ಇದ್ದಲ್ಲಿ ಗುರುವಾರ ಸಂಜೆ ಐದರೊಳಗೆ ತಿಳಿಸಿ.’

ಅವಳು ಮೂರು ಸಲ ಓದಿದಳು. ಮೂರನೆಯ ಸಲ ಓದುವಾಗ ಕೈ ತಾನಾಗಿ ಯಂತ್ರದ ಗುಂಡಿ ಒತ್ತಿತ್ತು. ಹಸಿರು ದಾರದ ಸೂಜಿ ಇಳಿಯಬೇಕಾದಲ್ಲಿ ಕೆಂಪು ದಾರದ ಸೂಜಿ ಇಳಿಯಿತು.

ಯೂಸುಫಸಾಬರು ಕನ್ನಡಕ ಮೂಗಿನ ತುದಿಗೆ ಜಾರಿಸಿ ನೋಡಿದರು. “ಅರೇ ಬೇಟಿ, ನವಿಲಿಗೆ ಏನಾತು? ಕೆಂಪಗಾಗೇತಲ್ಲ?”

“ಸಿಟ್ಟ ಬಂದೇತ್ರಿ ಚಾಚಾ.”

“ನವಿಲಿಗೋ, ನಿನಗೋ?”

ಪುಷ್ಪಲತಾ ಯಂತ್ರ ನಿಲ್ಲಿಸಿದಳು. “ಕೆಂಪು ಹೊಲಿಗಿ ನಾನ ಬಂದು ಬಿಚ್ಚತೇನ್ರಿ. ಈಗ ಬ್ಯಾಡಗಿಗೆ ಹೋಗಿ ಬರತೇನಿ.”

“ಇವತ್ತ ಅಲ್ಲಿ ಮಾರ್ಕೆಟ್ ಐತಿ. ಮೂಗಿಗೆ ಬಟ್ಟಿ ಕಟ್ಕೊಂಡ ಹೋಗು. ಮತ್ತ ಆ ಹುಡುಗನ್ನ ಪೂರಾ ಕೊಲ್ಲಬ್ಯಾಡ. ರವಿವಾರ ನನಗ ಹೊತ್ತ ಹೋಗೂದಿಲ್ಲ.”

ಆ ಮಾತಿಗೆ ಕಾರಣವಿತ್ತು. ಗೇಮ್ ಜಾಮ್ ಎಂದರೆ ಒಂದು ಪಂದ್ಯ. ಶುಕ್ರವಾರ ಸಂಜೆ ಆರಕ್ಕೆ ಒಂದು ವಿಷಯ ಕೊಡುತ್ತಾರೆ. ಅದರ ಮೇಲೆ ಹೊಸದಾಗಿ ಒಂದು ಕಂಪ್ಯೂಟರ್ ಆಟ ಕಟ್ಟಿ ರವಿವಾರ ಸಂಜೆ ಆರರೊಳಗೆ ಒಪ್ಪಿಸಬೇಕು. ನಲವತ್ತೆಂಟು ಗಂಟೆ. ಮೊದಲೇ ಮಾಡಿಟ್ಟ ಆಟ ತರುವಂತಿಲ್ಲ. ಸಿದ್ಧತೆ ಎಂದರೆ ಕೈ ಪಳಗಿಸಿಕೊಳ್ಳುವುದು, ಅಷ್ಟೆ. ಅದಕ್ಕಾಗಿ ಪುಷ್ಪಲತಾ ಮತ್ತು ವೀರೇಂದ್ರ ನಾಲ್ಕು ರವಿವಾರ ಈ ಅಂಗಡಿಯಲ್ಲೇ ಕುಳಿತಿದ್ದರು. ಯೂಸುಫಸಾಬರು ಕಣ್ಣಿಗೆ ಬಿದ್ದ ಒಂದು ಪದ ಕೊಡುತ್ತಿದ್ದರು: ಒಮ್ಮೆ ಕತ್ತರಿ, ಒಮ್ಮೆ ಅಂಗಿಯ ಗುಂಡಿ. ಗೋಡೆಯ ಗಡಿಯಾರದಲ್ಲಿ ಮೂರು ತಾಸು, ಅಷ್ಟರಲ್ಲಿ ಅದರ ಮೇಲೊಂದು ಪುಟ್ಟ ಆಟ. ಅವಳು ಚಿತ್ರ ಬರೆಯುವವಳು, ಅವನು ಕೋಡ್ ಕಟ್ಟುವವನು.

ಅಂಗಡಿಯ ಯಂತ್ರಕ್ಕೆ ಒಂಬತ್ತು ಸೂಜಿ, ಒಂಬತ್ತು ಬಣ್ಣ. ಒಂದೊಂದು ಹೊಲಿಗೆಯೂ ಒಂದೊಂದು ಚುಕ್ಕೆ. ಹಾಗಾಗಿ ಚುಕ್ಕೆ ಚುಕ್ಕೆಯಾಗಿ ಬೊಂಬೆ ಬರೆಯುವುದು ಅವಳಿಗೆ ಹೊಸದಲ್ಲ. ಗೇಮಿಗೂ ಒಂಬತ್ತೇ ಬಣ್ಣ ಎಂದು ಅವಳು ಹಟ ಹಿಡಿದಿದ್ದಳು. ಟೀಮಿಗೆ ಹೆಸರು ಬಂದದ್ದು ಹಾಗೆ.

ಬರೆಯುವಾಗ ಅವಳ ನಾಲಿಗೆಯ ತುದಿ ಹಲ್ಲಿನ ಸಂದಿಯಿಂದ ಹೊರಗೆ ಇಣುಕುತ್ತಿತ್ತು. ವೀರೇಂದ್ರ ನೇರವಾಗಿ ನೋಡುತ್ತಿರಲಿಲ್ಲ. ಲ್ಯಾಪ್‌ಟಾಪಿನ ಪರದೆ ಕಪ್ಪಾದಾಗ ಅದರಲ್ಲಿ ಕಾಣುವ ಅವಳ ಬಿಂಬವನ್ನು ನೋಡುತ್ತಿದ್ದ. ಅದಕ್ಕೇ ಅವನ ಪರದೆ ಆಗಾಗ ಕಪ್ಪಾಗುತ್ತಿತ್ತು.

“ನಾಲಿಗಿ ಒಳಗ ತಗೋ. ಬೊಂಬಿ ಹೆದರತೇತಿ,” ಎಂದಿದ್ದ ಎರಡನೆಯ ರವಿವಾರ.

“ನಿನ್ನ ಸ್ಕ್ರೀನ್ ಕರೆಂಟ್ ಹ್ವಾದಂಗ ಯಾಕ ಹೊಕ್ಕೈತಿ ಅಂತ ನನಗೂ ಗೊತ್ತೈತಿ,” ಎಂದಿದ್ದಳು ಅವಳು. ಅವನ ಕಿವಿ ಕೆಂಪಾಗಿತ್ತು. ಯೂಸುಫಸಾಬರು ಕತ್ತರಿ ಹುಡುಕುವ ನೆಪದಲ್ಲಿ ಒಳಗೆ ಹೋಗಿದ್ದರು.

ಇಷ್ಟೆಲ್ಲ ಆದ ಮೇಲೆ ಈ ಈಮೇಲ್.

*

ಬ್ಯಾಡಗಿಯ ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಕಾಲು ಕೆಳಗಿಡುವ ಮೊದಲೇ ಮೂಗಿಗೆ ಊರು ಗೊತ್ತಾಗುತ್ತದೆ. ಫೆಬ್ರುವರಿ. ಮೆಣಸಿನಕಾಯಿಯ ಹಂಗಾಮು. ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ವಹಿವಾಟು. ಬಾಯಿ ಬಿಚ್ಚಿದ ಚೀಲಗಳು ಸಾಲುಗಟ್ಟಿ ನಿಂತಿದ್ದವು. ನೆಲ ಕೆಂಪು, ಗಾಳಿ ಕೆಂಪು, ಹಮಾಲರ ಬನಿಯನ್ ಕೆಂಪು. ಪುಷ್ಪಲತಾ ಓಢಣಿಯನ್ನು ಮೂಗಿಗೆ ಎರಡು ಸುತ್ತು ಸುತ್ತಿ, ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳನ್ನು ಇನ್ನೊಮ್ಮೆ ಜೋಡಿಸಿಕೊಂಡು, ಫಕ್ಕೀರಪ್ಪನವರ ದಲಾಲಿ ಅಂಗಡಿಯ ಮೆಟ್ಟಿಲು ಹತ್ತಿದಳು.

ಫಕ್ಕೀರಪ್ಪ ಗಾದಿಯ ಮೇಲೆ ಕುಳಿತಿದ್ದರು. ಅವರ ಮಗ ವೀರೇಂದ್ರ ಕಟ್ಟೆಯ ಮೇಲೆ ಚೀಲಗಳ ನಡುವೆ ನಿಂತಿದ್ದ. ಅವಳನ್ನು ಕಂಡದ್ದೇ ಅವನ ಮುಖ ಅರಳಿತು.

“ಇಷ್ಟ ಲಗೂ ಬಂದಿ? ಈಮೇಲ್ ನೋಡೀಯೇನು?”

ಆ ನಗೆಯೇ ಸಾಕಾಯಿತು. ಜೋಡಿಸಿಟ್ಟ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾದವು.

“ನೋಡೇನಿ. ನನ್ನ ಯಾರಿಗೆ ಮಾರೀದಿ?”

“ಮಾರೂದೇನ್ ಬಂತು? ಹುಬ್ಬಳ್ಳಿ ಟೀಮ್ ಅದು. ಹ್ವಾದ ವರ್ಷ ಫಸ್ಟ್ ಬಂದಾರ. ಅವರ ಕಡೆ ಚಿತ್ರಾ ಬರಿಯಾಂವಗ ಪರೀಕ್ಷಾ ಬಂದಾವಂತ. ನಿನ್ನ ಬೊಂಬಿ ತೋರಿಸಿದ್ನಿ. ಐದ ನಿಮಿಷದಾಗ ಹೂಂ ಅಂದ್ರು! ಗೆದ್ದವ್ರಿಗೆ ಗೇಮ್ ಸ್ಟುಡಿಯೋದಾಗ ಮೂರ್ ತಿಂಗಳ ಕೆಲಸ ಐತಿ, ಗೊತ್ತೈತಿಲ್ಲ?”

“ನನ್ನ ಕೇಳೀದೇನು?”

“ಕೇಳಿದ್ರ ನೀ ಬ್ಯಾಡ ಅಂತಿದ್ದಿ.”

“ಮತ್ತ?”

“ಅದಕ್ಕ ಕೇಳಲಿಲ್ಲ.”

ಅವನು ಅದನ್ನು ದರ ಹೇಳಿದಷ್ಟು ಸಹಜವಾಗಿ ಹೇಳಿದ. ಬೆನ್ನ ಮೇಲೆ ಚೀಲ ಹೊತ್ತ ಹಮಾಲ ಗುಡ್ಡಪ್ಪ ನಡೆಯುವುದನ್ನು ಬಿಟ್ಟು ಹಾಗೇ ನಿಂತುಕೊಂಡ.

“ನೀ ನನ್ನ ಏನಂತ ತಿಳ್ದೀದಿ, ವೀರೂ? ನಾಕ ರವಿವಾರ ನಿನ್ನ ಮಗ್ಗಲ ಕುಂತು… ನಾ ಏನ್ ನಿನಗ… ಆಕ್ಷೀ!”

ಸೀನು ಒಂದಕ್ಕೆ ನಿಲ್ಲಲಿಲ್ಲ. ಎರಡು, ಮೂರು, ನಾಲ್ಕು. ಓಢಣಿ ಜಾರಿತು. ಕಣ್ಣಲ್ಲಿ ನೀರು ಸುರಿಯಿತು. ಇಷ್ಟು ಚೆಂದದ ಸಿಟ್ಟು ಸೀನಿನಲ್ಲಿ ಹೋಯಿತಲ್ಲ ಎಂದು ಅವಳಿಗೆ ಇನ್ನೂ ಸಿಟ್ಟು ಬಂತು.

ವೀರೇಂದ್ರ ತಂಬಿಗೆ ಮುಂದೆ ಹಿಡಿದ. “ಮೊದಲ ನೀರ ಕುಡಿ.”

“ಬ್ಯಾಡ! ಬ್ಯಾಡ ಅಂತ ಹೇಳೇನಿ ನೋಡು. ಈಗ ಕೇಳದಂಗ ಬಾಯಾಗ ಸುರವಿ ಬಿಡು!”

ಗುಡ್ಡಪ್ಪ ಕೆಮ್ಮಿದ. ಅದು ಮೆಣಸಿನಕಾಯಿಯ ಕೆಮ್ಮಲ್ಲ.

ಅಷ್ಟರಲ್ಲಿ ವೀರೇಂದ್ರನ ಫೋನು ಸದ್ದು ಮಾಡಿತು. ಟೆಂಡರ್ ಫಲಿತಾಂಶ. ಈಗ ಟೆಂಡರ್ ನಡೆಯುವುದು ಕಂಪ್ಯೂಟರಿನಲ್ಲಿ. ಖರೀದಿದಾರರು ಕೂಗುವುದೂ ಇಲ್ಲ, ಬರೆಯುವುದೂ ಇಲ್ಲ. ಆದರೆ ಫಕ್ಕೀರಪ್ಪನವರ ಅಂಗಡಿಯಲ್ಲಿ ಹಳೆಯ ಒಂದು ಪದ್ಧತಿ ಉಳಿದಿತ್ತು. ಬಂದ ದರವನ್ನು ಚೀಟಿಯಲ್ಲಿ ಬರೆದು, ಮಾಲು ತಂದ ರೈತರ ಎದುರು ನಿಂತು ಓದಿ, ಕೇಳಬೇಕು. ವೀರೇಂದ್ರ ಹೈಸ್ಕೂಲಿನಿಂದಲೂ ಅದನ್ನು ಮಾಡಿಕೊಂಡು ಬಂದವನು.

ಅವನು ಪುಷ್ಪಲತಾಳಿಗೆ “ಒಂದ ನಿಮಿಷ” ಎಂದು ಬೆರಳು ತೋರಿಸಿ, ಚೀಟಿ ಬರೆದು, ಕಟ್ಟೆಯ ತುದಿಗೆ ಕುಳಿತಿದ್ದ ಮುದುಕಿಯ ಎದುರು ಹೋಗಿ ನಿಂತ.

“ಉಚ್ಚಂಗೆವ್ವಾ, ನಿನ್ನ ನಾಕ ಚೀಲ. ಕಡ್ಡಿ ಮೆಣಸಿನಕಾಯಿ.” ದರ ಓದಿದ. ಆಮೇಲೆ ಸ್ವಲ್ಪ ಬಾಗಿ, ದನಿ ತಗ್ಗಿಸಿ, “ಕೊಡ್ಲೇನವ್ವಾ?” ಎಂದ.

ಉಚ್ಚಂಗೆವ್ವ ಅವಸರ ಮಾಡಲಿಲ್ಲ. ಚೀಲದಿಂದ ಒಂದು ಕಾಯಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿ ಬೀಜದ ಸದ್ದು ಕೇಳಿದಳು. ಮುರಿದು ಬಣ್ಣ ನೋಡಿದಳು. ಇಡೀ ಮಾರುಕಟ್ಟೆ ತನಗಾಗಿ ಕಾಯಲಿ ಎನ್ನುವಂತೆ ಎಲೆಯಡಿಕೆ ಜಗಿದಳು.

“ಬ್ಯಾಡ. ಇಂಥಾ ಬಣ್ಣಕ್ಕ ಇಷ್ಟ ಅಂದಾಂವಗ ಕಣ್ಣಿಲ್ಲ. ಗುರುವಾರ ಮತ್ತ ಟೆಂಡರಿಗೆ ಇಡು.”

“ಆತವ್ವ,” ಎಂದ ವೀರೇಂದ್ರ. ಒಂದು ಮಾತು ವಾದಿಸಲಿಲ್ಲ. ಚೀಟಿಯ ಮೇಲೆ ‘ಒಪ್ಪಿಗೆ ಇಲ್ಲ’ ಎಂದು ಬರೆದ.

ಪುಷ್ಪಲತಾ ಇದನ್ನೆಲ್ಲ ನೋಡುತ್ತಿದ್ದಳು. ಸೀನು ನಿಂತಿತ್ತು. ಅವನು ತಿರುಗಿ ಬಂದಾಗ ಅವಳ ದನಿ ಏರಲಿಲ್ಲ. ಇಳಿಯಿತು.

“ಆ ಯವ್ವನ ನಾಕ ಚೀಲಕ್ಕ ಇರೋ ಮರ್ಯಾದಿ ನನಗಿಲ್ಲೇನು, ವೀರೂ?”

ವೀರೇಂದ್ರ ಕೈಯಲ್ಲಿದ್ದ ಚೀಟಿಯನ್ನು ನೋಡಿದ.

ಅವಳು ಮೆಟ್ಟಿಲು ಇಳಿದಳು. ಹಿಂದಿನಿಂದ ಫಕ್ಕೀರಪ್ಪನವರ ದನಿ ಕೇಳಿಸಿತು. “ಯಾರಲೇ ಅದು?”

“ನನ್ನ ಟೀಮ್‌ನಾಕಿ, ಅಪ್ಪಾ.”

“ಟೀಮ್ ಹೋತ ಬಿಡು.”

*

ಮಂಗಳವಾರ ಹುಬ್ಬಳ್ಳಿಯಿಂದ ವಿಜಯಮಹಾಂತೇಶ ಎಂಬಾತ ಫೋನು ಮಾಡಿದ. ‘ಕಿಡಿ’ ಟೀಮಿನ ಮುಖ್ಯಸ್ಥ. ಅವನನ್ನು ಬೈದು ಇಟ್ಟುಬಿಡಬೇಕೆಂದು ಪುಷ್ಪಲತಾ ಸಿದ್ಧಳಾಗಿದ್ದಳು. ಆದರೆ ಅವನು ಬೈಸಿಕೊಳ್ಳುವ ಮನುಷ್ಯನಾಗಿರಲಿಲ್ಲ.

“ಮೇಡಮ್, ನಿಮ್ಮ ಗುಂಡಿ ಗೇಮ್ ನೋಡಿದೆವ್ರಿ. ಸೀರಿ ನಿರಗಿ ಮ್ಯಾಲ ಗುಂಡಿ ಉರುಳತೇತಲ್ರಿ? ಬರೇ ಒಂಬತ್ ಬಣ್ಣದಾಗ ರೇಶ್ಮಿ ಮಿಂಚು ಹೆಂಗ ತಂದ್ರಿ? ನಾವು ಮೂವತ್ತೆರಡ ಬಣ್ಣ ಹಾಕಿದ್ರೂ ಬರೂದಿಲ್ರಿ.”

ಅದು ನಿಜವಾದ ಪ್ರಶ್ನೆಯಾಗಿತ್ತು. ಅವಳು ಉತ್ತರಿಸಿದಳು. ಇಪ್ಪತ್ತು ನಿಮಿಷ ಮಾತಾಯಿತು. ಅವರ ಸಿದ್ಧತೆ ಅಚ್ಚುಕಟ್ಟಾಗಿತ್ತು. ಯಾರು ಯಾವಾಗ ನಿದ್ದೆ ಮಾಡಬೇಕು, ಶನಿವಾರ ಮಧ್ಯಾಹ್ನಕ್ಕೆ ಆಟ ಎಲ್ಲಿಗೆ ಬಂದಿರಬೇಕು, ಕರೆಂಟ್ ಹೋದರೆ ಏನು, ಎಲ್ಲಕ್ಕೂ ಪಟ್ಟಿ. ಅವರು ಗೆಲ್ಲುತ್ತಾರೆಂದು ಅವಳಿಗೆ ಅನ್ನಿಸಿತು. ಅವರ ಜೊತೆ ಇದ್ದರೆ ತಾನೂ ಗೆಲ್ಲುತ್ತೇನೆ ಅನ್ನಿಸಿತು.

ಫೋನಿಟ್ಟ ಮೇಲೆ ಅವಳಿಗೆ ಅಳು ಬಂದಂತಾಯಿತು. ವೀರೇಂದ್ರ ತಪ್ಪು ಗಿರಾಕಿಯನ್ನು ತಂದಿದ್ದರೆ ಸಿಟ್ಟು ಸಲೀಸಾಗಿರುತ್ತಿತ್ತು. ಅವನು ತಂದದ್ದು ಒಳ್ಳೆಯ ಗಿರಾಕಿ.

ಅಂದು ಅವನಿಂದ ಹನ್ನೊಂದು ಮೆಸೇಜ್ ಬಂದವು. ಅವಳು ಯಾವುದನ್ನೂ ತೆರೆಯಲಿಲ್ಲ. ಆದರೆ ಎಣಿಸಿದ್ದಳು.

ಬುಧವಾರ ಮುಂಜಾನೆ ಕುಪ್ಪೇಲೂರಿನ ತನ್ನ ಮನೆಯಲ್ಲಿ ರೊಟ್ಟಿ ಬಡಿಯಲು ಕುಳಿತಳು. ಹಿಟ್ಟು ನಾದುವ ಮರದ ಕೊಣಮಿಗೆ ಕೈ ಬೀಳುವ ರಭಸಕ್ಕೆ ಅವಳ ಅವ್ವ ಸೋಮವ್ವ ಹಿತ್ತಿಲಿನಿಂದ ಓಡಿ ಬಂದಳು.

“ರೊಟ್ಟಿ ಏನ್ ಮಾಡೇತ ನಿನಗ? ಅದರ ಬೆನ್ನ ಮುರದೀತು.”

“ಅವ್ವಾ, ಯಾರರ ನಿನ್ನ ಕೇಳದ, ನಿನಗ ಚಲೋ ಆಗತೇತಿ ಅಂತ ಏನರ ಮಾಡಿದ್ರ ಏನ್ ಮಾಡ್ತಿದ್ದಿ?”

ಸೋಮವ್ವ ಒಲೆಗೆ ಕಟ್ಟಿಗೆ ಸರಿಸಿದಳು. “ನಿಮ್ಮಪ್ಪ ನನ್ನ ಕೇಳದ ನನ್ನ ಎಮ್ಮಿ ಕೊಟ್ಟ ಆಕಳ ತಂದಿದ್ದ. ಚಲೋ ಆಕಳ. ಎಂಟ ದಿನ ಅದರ ಹಾಲ ಕುಡಿಲಿಲ್ಲ ನಾನು.”

“ಒಂಬತ್ತನೇ ದಿನ?”

“ಆಕಳದೇನ್ ತಪ್ಪು, ಅಂತ ಕುಡದ್ನಿ. ನಿಮ್ಮಪ್ಪನ ಕೂಡ ಮತ್ತ ಎಂಟ ದಿನ ಮಾತಾಡಲಿಲ್ಲ.” ಸೋಮವ್ವ ರೊಟ್ಟಿ ತಿರುವಿದಳು. “ಎಮ್ಮಿಗೆ ಮುಪ್ಪ ಬಂತು, ಮುಪ್ಪ ಬಂತು ಅಂತ ದಿನಾ ಗೊಣಗತಿದ್ದಾಕಿ ನಾನ. ಅಂವ ಅದನ್ನ ಖರೇ ಅಂತ ತಿಳದಿದ್ದ.”

ಪುಷ್ಪಲತಾಳ ಕೈ ಹಿಟ್ಟಿನ ಮೇಲೆ ನಿಂತಿತು.

ನಾಲ್ಕನೆಯ ರವಿವಾರ ನೆನಪಾಯಿತು. ಅಂದು ಯೂಸುಫಸಾಬರು ಫೋನಿನಲ್ಲಿದ್ದರು. ಪದ ಕೊಡಿರಿ ಎಂದು ಇವರು ಪೀಡಿಸಿದಾಗ “ಸುಮ್ನಿರ್ರಿ!” ಎಂದು ಗದರಿದ್ದರು. ಅದೇ ಪದವೆಂದು ಇಬ್ಬರೂ ನಗುತ್ತ ಶುರು ಮಾಡಿದ್ದರು. ತೊಟ್ಟಿಲಲ್ಲಿ ಮಲಗಿದ ಕೂಸು ಏಳದಂತೆ ಮನೆ ದಾಟುವ ಆಟ. ಅವಳು ಕೂಸಿನ ಮುಷ್ಟಿಗೇ ಒಂದು ತಾಸು ಕೊಟ್ಟಿದ್ದಳು. ಮೂರು ತಾಸು ಮುಗಿಯಲು ನಾಲ್ಕು ನಿಮಿಷವಿದ್ದಾಗ ಆಟ ನಿಂತುಹೋಯಿತು. ಅವನ ಕೋಡಿನ ತಪ್ಪು. ಎಲ್ಲಿದೆಯೆಂದು ಅವನಿಗೆ ಸಿಗಲೇ ಇಲ್ಲ.

ಆಗ ಅವಳು ಅಂದಿದ್ದಳು: “ಇದರಕಿಂತ ಒಳ್ಳೆ ಟೀಮ್ ಸಿಕ್ಕಿದ್ರ ನಾ ಇಷ್ಟೊತ್ತಿಗೆ ಎಲ್ಲಿರತಿದ್ನಿ.”

ಅವನು ಲ್ಯಾಪ್‌ಟಾಪ್ ಮುಚ್ಚಿದ್ದ, ಅಷ್ಟೆ.

ಬೇರೆ ಯಾರಾದರೂ ಆಗಿದ್ದರೆ ಎದುರು ಮಾತಾಡುತ್ತಿದ್ದರು. ಇಲ್ಲವೆ ಮುನಿಸಿಕೊಳ್ಳುತ್ತಿದ್ದರು. ಆದರೆ ಅವನು ದಲಾಲರ ಮನೆಯ ಹುಡುಗ. ನನ್ನ ಮಾಲಿಗೆ ಇದಕ್ಕಿಂತ ಒಳ್ಳೆ ಗಿರಾಕಿ ಬೇಕು ಎಂದು ಯಾರಾದರೂ ಅಂದರೆ ಅವನ ಮನೆಯಲ್ಲಿ ಅದು ಬೈಗುಳವಲ್ಲ, ಕೆಲಸ. ಎದ್ದು ಹೋಗಿ ಗಿರಾಕಿ ಹುಡುಕುತ್ತಾರೆ. ಅವನು ಹುಡುಕಿದ್ದ. ತನ್ನನ್ನೇ ಪಕ್ಕಕ್ಕೆ ಸರಿಸಿ ಹುಡುಕಿದ್ದ.

ಇದು ಅರ್ಥವಾದದ್ದರಿಂದ ಅವಳ ಸಿಟ್ಟೇನೂ ಕಡಿಮೆಯಾಗಲಿಲ್ಲ. ಇಷ್ಟು ದಿನ ಒಬ್ಬರ ಮೇಲಿತ್ತು, ಈಗ ಇಬ್ಬರ ಮೇಲಾಯಿತು.

*

ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಅವಳು ವಿಜಯಮಹಾಂತೇಶನಿಗೆ ಫೋನು ಮಾಡಿದಳು. “ನಿಮ್ಮ ಟೀಮ್ ಭಾಳ ಚಲೋ ಐತ್ರಿ. ಆದ್ರ ನಾ ನಿಮ್ಮ ಕಡೆ ನಾನಾಗೆ ಬಂದಾಕಿ ಅಲ್ಲ, ಇನ್ನೊಬ್ರು ಕಳಿಸಿದಾಕಿ. ಹಂಗ ಬರಾಕ ನನಗ ಮನಸಿಲ್ರಿ.”

“ನಿಮ್ಮನ್ನ ಕೇಳ್ಯಾರ ಅಂತ ತಿಳದಿದ್ವಿರಿ ಮೇಡಮ್,” ಎಂದ ಅವನು. “ತಪ್ಪಾತ್ರಿ. ಮುಂದಿನ ವರ್ಷ ನಾನ ಕೇಳತೇನಿ.”

ಮೂರೂವರೆಗೆ ಅವಳು ಜಾಮ್‌ನ ಪುಟ ತೆರೆದು ಹೊಸ ಟೀಮ್ ನೋಂದಾಯಿಸಿದಳು. ಹೆಸರು: ಒಂಬತ್ತು ಸೂಜಿ. ಮುಖ್ಯಸ್ಥೆ: ಪುಷ್ಪಲತಾ. ಸದಸ್ಯರು: ಒಬ್ಬರು. ಆಮೇಲೆ ಯಂತ್ರದ ಮುಂದೆ ಕುಳಿತು, ಕೆಂಪು ನವಿಲಿನಲ್ಲಿ ಇನ್ನೂ ಉಳಿದಿದ್ದ ಹೊಲಿಗೆಗಳನ್ನು ಬಿಚ್ಚತೊಡಗಿದಳು. ಯಂತ್ರ ಹತ್ತು ನಿಮಿಷದಲ್ಲಿ ಹಾಕಿದ್ದನ್ನು ಬಿಚ್ಚಲು ಅವಳಿಗೆ ಇದು ಮೂರನೆಯ ದಿನ.

ನಾಲ್ಕೂ ಇಪ್ಪತ್ತಕ್ಕೆ ಬಾಗಿಲಲ್ಲಿ ಬೈಕ್ ನಿಂತಿತು.

ಮಾರ್ಕೆಟ್ ದಿನ ದಲಾಲರ ಮಗ ಅಂಗಡಿ ಬಿಟ್ಟು ಬರುವುದೆಂದರೆ ಸಣ್ಣ ಮಾತಲ್ಲ. ವೀರೇಂದ್ರ ಕೈಕಾಲು ತೊಳೆಯದೆ ಹೊರಟಿದ್ದ. ತಲೆ, ಹುಬ್ಬು, ಅಂಗಿ, ಎಲ್ಲ ಮೆಣಸಿನಕಾಯಿ ಧೂಳು. ಅವನು ಒಳಗೆ ಎರಡು ಹೆಜ್ಜೆ ಇಟ್ಟದ್ದೇ ಯೂಸುಫಸಾಬರು ಸೀನಿದರು. ಬೇರೊಂದು ರವಿಕೆ ಒಯ್ಯಲು ಬಂದಿದ್ದ ಗಿರಾಕಿ ಮೈಮುನಾಬಿ ಸೀನಿದಳು. ಪುಷ್ಪಲತಾ ಹಲ್ಲು ಕಚ್ಚಿ ತಡೆದುಕೊಂಡಳು. ಇವತ್ತು ಸೀನಬಾರದು.

“ಅಲ್ಲೇ ನಿಂದರು!” ಯೂಸುಫಸಾಬರು ಬಿಳಿ ಬಟ್ಟೆಯ ಥಾನನ್ನು ಎದೆಗವಚಿಕೊಂಡರು. “ಶಾದಿ ಕಪಡಾ ಐತಿ ಇದು. ಒಗ್ಗರಣಿ ಹಾಕಬ್ಯಾಡ!”

ವೀರೇಂದ್ರ ಹೊಸ್ತಿಲಿಗೇ ಹಿಂದೆ ಸರಿದ. ಅಲ್ಲಿಂದಲೇ ಮಾತಾಡಿದ.

“ಪುಷ್ಪಾ, ಉಚ್ಚಂಗೆವ್ವನ ಮಾಲು ಇವತ್ತ ಹೋತು.”

ಅವಳು ತಲೆ ಎತ್ತಲಿಲ್ಲ. “ಎಷ್ಟಕ್ಕ?”

“ಸೋಮವಾರಕ್ಕಿಂತ ಕಡಿಮಿ.”

ಈಗ ಎತ್ತಿದಳು.

“ಸೋಮವಾರನ ಕೊಟ್ಟಿದ್ರ ಚಲೋ ಇತ್ತಲ್ಲವ್ವಾ, ಅಂದ್ನಿ. ಹೊಡಿಯಾಕ ಕೈಯಾಗಿನ ಬಡಗಿ ಎತ್ತಿದ್ಳು. ‘ಕಡಿಮಿ ಆದ್ರ ನನಗ ಆಗಲಿ. ಬ್ಯಾಡ ಅನ್ನೂ ಮಾತು ನಂದು, ಅದನ್ನ ನಾ ಆಡೇನಿ. ಅದರ ಮ್ಯಾಲ ನಿಂದೇನೂ ಹಕ್ಕಿಲ್ಲ’ ಅಂದ್ಳು.” ಅವನು ಹುಬ್ಬಿನ ಧೂಳು ಒರೆಸಿಕೊಂಡ. “ಅದನ್ನ ಕೇಳಿದ ಮ್ಯಾಲ ನನಗ ಅಂಗಡ್ಯಾಗ ನಿಂದ್ರಾಕ ಆಗಲಿಲ್ಲ.”

ಅವನು ಜೇಬಿನಿಂದ ಎರಡು ಚೀಟಿ ತೆಗೆದ. ಅಂಗಡಿಯ ಚೀಟಿಗಳೇ. ಅಂಚಿಗೆ ಕೆಂಪು ಬೆರಳಚ್ಚು.

“ಎರಡೂ ಓದತೇನಿ. ಆಮ್ಯಾಲ ಕೇಳತೇನಿ. ನಡಕ ಬಾಯಿ ಹಾಕಬ್ಯಾಡ.”

“ನನಗ ಹುಕುಮ್ ಮಾಡಾಕತ್ತೀದೇನು?”

“ಇಲ್ಲ. ಕೈ ಮುಗೀತೇನಿ. ನಡಕ ಬಾಯಿ ಹಾಕಬ್ಯಾಡ.”

ಮೈಮುನಾಬಿ ತನ್ನ ರವಿಕೆ ಕೈಗೆ ಬಂದಿದ್ದರೂ ಸ್ಟೂಲಿನ ಮೇಲೆ ಕುಳಿತುಕೊಂಡಳು.

“ಮೊದಲನೇ ಚೀಟಿ. ಹುಬ್ಬಳ್ಳಿ ಟೀಮ್. ಹ್ವಾದ ವರ್ಷ ಫಸ್ಟ್. ಎರಡ ಹೊಸಾ ಲ್ಯಾಪ್‌ಟಾಪ್. ಕೋಡ್ ಬರಿಯಾಂವ ನನಕಿಂತ ಮೂರ ಪಟ್ಟ ಚುರುಕ. ಗೆದ್ರ ಕೆಲಸ.” ಅವನು ಒಂದು ಪದವನ್ನೂ ನುಂಗದೆ ಓದಿದ. “ಎರಡನೇ ಚೀಟಿ. ಬ್ಯಾಡಗಿ ವೀರೇಂದ್ರ. ಲ್ಯಾಪ್‌ಟಾಪ್ ಒಂದ. ಕಾಸೂ ಹಂಚಿನಂಗ ಕಾಯತೇತಿ. ಕೋಡ್ ನಿಧಾನ. ಕೂಸಿನ ಗೇಮ್ ಯಾಕ ನಿಂತಿತ್ತು ಅಂತ ಮೊನ್ನೆ ರಾತ್ರಿ ಸಿಕ್ಕೇತಿ. ಒಂದ ಸಾಲು ಎರಡ ಸಲ ಬರದಿದ್ನಿ. ಸರಿ ಮಾಡೇನಿ. ಗೆಲ್ತೇವಿ ಅನ್ನೂ ಖಾತ್ರಿ ಇಲ್ಲ.” ಅವನ ಓದು ನಿಂತಿತು. ಚೀಟಿಯಲ್ಲಿ ಇನ್ನೂ ಒಂದು ಸಾಲಿತ್ತು. ಕಿವಿ ಕೆಂಪಾದದ್ದು ಧೂಳಿನಲ್ಲೂ ಕಂಡಿತು. “ಈಕಿ ನಾಲಿಗಿ ಹೊರಗ ಹಾಕಿ ಬೊಂಬಿ ಬರಿಯೂದನ್ನ ಬ್ಯಾರೇದಾಂವ ಯಾವನರ ನೋಡ್ತಾನ ಅಂದ್ರ ಹೊಟ್ಟ್ಯಾಗ ಬೆಂಕಿ ಬೀಳತೇತಿ. ಸೋಮವಾರದಿಂದ ಬಿದ್ದೇತಿ. ಅನ್ನ ಹೋಗವಲ್ದು. ಪ್ರೀತಿ ಐತಿ ಅಂತನ ಬಿಟ್ಟ ಕೊಟ್ಟಿದ್ನಿ. ಬಿಟ್ಟ ಕೊಡಾಕ ಅದು ನನ್ನ ಮಾಲಲ್ಲ ಅಂತ ಗೊತ್ತಾಗಲಿಲ್ಲ.”

ಅವನು ಸೋಮವಾರ ಉಚ್ಚಂಗೆವ್ವನ ಎದುರು ಬಾಗಿದಂತೆಯೇ ಸ್ವಲ್ಪ ಬಾಗಿದ. “ಯಾರಿಗೆ ಕೊಡ್ಲಿ?”

“ಯಾರಿಗೂ ಬ್ಯಾಡ,” ಎಂದಳು ಪುಷ್ಪಲತಾ.

ಅವನು ವಾದಿಸಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಚೀಟಿಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಎರಡರ ಮೇಲೂ ‘ಒಪ್ಪಿಗೆ ಇಲ್ಲ’ ಎಂದು ಬರೆದ. ಎರಡನೆಯದರ ಮೇಲೆ ಬರೆಯಲು ಸ್ವಲ್ಪ ಹೊತ್ತು ಹಿಡಿಯಿತು.

“ಆತು,” ಎಂದು ತಿರುಗಿದ.

“ಎಲ್ಲಿ ಹೊಂಟಿ?” ಅವಳ ದನಿಯಲ್ಲಿ ಇನ್ನೂ ಖಾರವಿತ್ತು. “ಹುಬ್ಬಳ್ಳಿಯವರಿಗೆ ನಾ ಮೂರ ಗಂಟೇಕನ ಬ್ಯಾಡ ಅಂದೇನಿ. ನೀ ಬಂದಿ ಅಂತಲ್ಲ, ತಿಳ್ಕೋ. ನನ್ನ ಸ್ವಂತ ಟೀಮ್ ಹಾಕೇನಿ. ನಾನ ಮುಖ್ಯಸ್ಥಿ. ಅದರಾಗ ಕೋಡ್ ಬರಿಯೋರ ಜಾಗಾ ಖಾಲಿ ಐತಿ.”

ವೀರೇಂದ್ರ ಹೊಸ್ತಿಲ ಮೇಲೆ ನಿಂತು ಅವಳನ್ನೇ ನೋಡಿದ. ಈ ಸಲ ಕಪ್ಪು ಪರದೆಯಲ್ಲಲ್ಲ. ನೇರವಾಗಿ.

“ಅರ್ಜಿ ಹಾಕಬೇಕೇನು?”

“ಎಲ್ಲಾರೂ ಹಾಕತಾರ.”

ಅವನು ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಫೋನಿನಲ್ಲಿ ಅರ್ಜಿ ತುಂಬಿದ. ನಾಲ್ಕೂ ನಲವತ್ತಕ್ಕೆ ಅವಳ ಫೋನಿಗೆ ಬಂತು. ಪರದೆಯ ಮೇಲೆ ಎರಡು ಗುಂಡಿ: ಒಪ್ಪಿಗೆ ಇದೆ, ಒಪ್ಪಿಗೆ ಇಲ್ಲ. ಅವಳು ಫೋನನ್ನು ಯಂತ್ರದ ಪಕ್ಕಕ್ಕಿಟ್ಟು ಕೆಂಪು ಹೊಲಿಗೆ ಬಿಚ್ಚುವುದನ್ನು ಮುಂದುವರಿಸಿದಳು.

ನಾಲ್ಕೂ ನಲವತ್ತೈದು. ನಾಲ್ಕೂ ಐವತ್ತು.

“ಬೇಟಿ, ಐದಕ್ಕ ಬಂದ್ ಆಗತೇತಿ ಅಂದಿದ್ದೆಲ್ಲ?” ಯೂಸುಫಸಾಬರು ತಡೆಯಲಾರದೆ ಕೇಳಿದರು.

“ಗೊತ್ತೈತ್ರಿ ಚಾಚಾ. ಉಚ್ಚಂಗೆವ್ವ ಎಲಿ ಜಗದು ಮುಗಿಸೂ ಮಟಾ ದಲಾಲ ನಿಂತಿರತಾನ. ನಿಂದ್ರಲಿ.”

ಮೆಟ್ಟಿಲ ಮೇಲಿನವನು ಅಂಗಿಯ ಕೊರಳಪಟ್ಟಿ ಕಚ್ಚಿಕೊಂಡು ಗಡಿಯಾರ ನೋಡುತ್ತಿದ್ದ. ಆ ಪಟ್ಟಿಗೂ ಮೆಣಸಿನಕಾಯಿ ಧೂಳು ಮೆತ್ತಿತ್ತು. ಬಾಯಿ ಉರಿದು ಕಣ್ಣಲ್ಲಿ ನೀರು ಬಂತು. ಆದರೂ ಬಿಡಲಿಲ್ಲ.

ಐವತ್ತೈದಕ್ಕೆ ಪುಷ್ಪಲತಾ ಕತ್ತರಿ ಕೆಳಗಿಟ್ಟಳು.

“ವೀರೂ.”

“ಹಾಂ.”

“ಅವತ್ತ ಒಳ್ಳೆ ಟೀಮ್ ಸಿಕ್ಕಿದ್ರ ಅಂತ ಅಂದೆನಲ್ಲ. ಅದು ಗಿರಾಕಿ ಹುಡುಕು ಅನ್ನೂ ಮಾತಲ್ಲ. ಹಸಿವಾಗಿತ್ತು, ಗೇಮ್ ನಿಂತಿತ್ತು, ಬಾಯಿಗೆ ಬಂತು. ಅನ್ನಬಾರದಿತ್ತು. ಅದು ನನ್ನ ತಪ್ಪು.” ಒಂದು ಉಸಿರು ತೆಗೆದುಕೊಂಡಳು. “ಉಳಿದದ್ದೆಲ್ಲಾ ನಿಂದ.”

“ಹೂಂ,” ಎಂದ ಅವನು. “ಉಳಿದದ್ದೆಲ್ಲಾ ನಂದ.”

ನಾಲ್ಕೂ ಐವತ್ತೆಂಟಕ್ಕೆ ಅವಳು ‘ಒಪ್ಪಿಗೆ ಇದೆ’ ಗುಂಡಿ ಒತ್ತಿದಳು. ಒತ್ತಿದ ಮರುಕ್ಷಣವೇ, ಇಷ್ಟು ಹೊತ್ತು ತಡೆದಿಟ್ಟಿದ್ದ ಸೀನು ಬಂತು. ಐದು ಸಲ.

ಈ ಸಲ ತಂಬಿಗೆ ತಂದವನು ಹೊಸ್ತಿಲಲ್ಲೇ ನಿಂತು ಕೇಳಿದ: “ನೀರ ಕೊಡ್ಲೇನು?”

*

ಶುಕ್ರವಾರ ಮಧ್ಯಾಹ್ನ ರಾಣೆಬೆನ್ನೂರಿನಿಂದ ಹಾವೇರಿಗೆ ಬಸ್ಸು. ಇಬ್ಬರ ನಡುವೆ ಲ್ಯಾಪ್‌ಟಾಪಿನ ಚೀಲ, ಅದರ ಮೇಲೆ ಸೋಮವ್ವನ ರೊಟ್ಟಿಯ ಗಂಟು. ಯೂಸುಫಸಾಬರು ಒಂಬತ್ತು ಬಣ್ಣದ ದಾರ ಹೊಸೆದು ಎರಡು ಎಳೆ ಕೊಟ್ಟಿದ್ದರು, ಕೈಗೆ ಕಟ್ಟಿಕೊಳ್ಳಲು. ನವಿಲು ಹಸಿರಾಗಿ ಮದುವೆಗೆ ಹೋಗಿತ್ತು.

ಪುಷ್ಪಲತಾಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಅದನ್ನು ಅವಳು ಮುಚ್ಚಿಡಲೂ ಇಲ್ಲ. ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದಳು.

“ಕಿಡಕಿ ತಗೀಲೇನು?” ಎಂದ ವೀರೇಂದ್ರ.

“ತಗಿ.”

“ಬ್ಯಾಗ ತೊಡಿ ಮ್ಯಾಲ ಇಟ್ಕೊಳ್ಲೇನು?”

“ಇಟ್ಕೋ.”

“ರೊಟ್ಟಿ ಗಂಟು?”

“ಏ, ಎಲ್ಲಾನೂ ಕೇಳಬ್ಯಾಡೋ! ತಲಿ ಚಿಟ್ಟ ಹಿಡದೈತಿ.”

“ಕೇಳಬೇಕಂತ ನೀನ ಅಂದಿ.”

“ರೊಟ್ಟಿಗಲ್ಲ.”

ಅವನು ಚೀಲ, ಗಂಟು ಎರಡನ್ನೂ ತೊಡೆಯ ಮೇಲಿಟ್ಟುಕೊಂಡ. ಈಗ ನಡುವೆ ಏನೂ ಇರಲಿಲ್ಲ. ಸೀಟಿನ ಮೇಲೆ ಅವಳ ಕೈ ಇತ್ತು. ಅದರಿಂದ ನಾಲ್ಕು ಬೆರಳು ದೂರದಲ್ಲಿ ಅವನ ಕೈ. ಎರಡರ ಮಣಿಕಟ್ಟಿನಲ್ಲೂ ಒಂಬತ್ತು ಬಣ್ಣ. ಅವನು ಆ ನಾಲ್ಕು ಬೆರಳಿನ ಜಾಗವನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಜಾಗವನ್ನು ನೋಡಿದ.

“ಅದಕ್ಕ?” ಎಂದ.

“ಅದಕ್ಕ ಕೇಳಬೇಕು,” ಎಂದಳು, ಕಿಟಕಿಯಿಂದ ಮುಖ ತಿರುಗಿಸದೆ.

ಅವನು ಕೇಳಿದ. ಬಸ್ಸು ಆಗಷ್ಟೇ ಊರು ದಾಟಿ ಹೆದ್ದಾರಿ ಹಿಡಿದಿತ್ತು. ಉತ್ತರ ಕೊಡಲು ಅವಳು ಮೋಟೆಬೆನ್ನೂರಿನ ತನಕ ಸಮಯ ತೆಗೆದುಕೊಂಡಳು.